ನೀರಿಲ್ಲದ ಕಡೆ ದುಡಿಯುವ ಕಿಣ್ವ

‘ಮಗ ಜರ್ಮನಿಯೊಳಗ ಎನ್‌ಜೈಮ್ ಕೆಲಸ ಮಾಡ್ತಾನಂತ. ಏನ್ರಿ ಅದು? ಕೆಮಿಕಲ್ ಫ್ಯಾಕ್ಟರಿ ಅಂದ್ರ ಮನ್ಯಾಗ ಹೆದರ್ತಾರ’ ಎಂದು ಹಾವೇರಿ ಕಡೆಯ ಹಿರಿಯರೊಬ್ಬರು ಮೊನ್ನೆ ಫೋನಿನಲ್ಲಿ ಕೇಳಿದರು. ನಾನು ಲೆಕ್ಕಪತ್ರದವನು. ಆದರೂ ಇಲ್ಲಿದ್ದು ತಿಳಿದುಕೊಂಡಷ್ಟನ್ನು ಹೇಳಿದೆ.

ಎನ್‌ಜೈಮ್ ಎಂದರೆ ಕಿಣ್ವ. ನಾವು ತಿಂದ ಎಣ್ಣೆ, ತುಪ್ಪವನ್ನು ಹೊಟ್ಟೆಯಲ್ಲಿ ಒಡೆಯುವ ಲೈಪೇಸ್ ಅಂಥದ್ದೊಂದು. ಕಿಣ್ವಕ್ಕೆ ನೀರೇ ಬೇಕು, ಪೆಟ್ರೋಲಿನಂಥ ಸಾವಯವ ದ್ರಾವಕಕ್ಕೆ ಹಾಕಿದರೆ ಕೆಡುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾಕ್ಸ್ ಮತ್ತು ಕ್ಲಿಬನೋವ್ ಬೇರೆಯದನ್ನೇ ತೋರಿಸಿದರು. ಒಣಗಿಸಿದ ಹಂದಿಯ ಲೈಪೇಸ್ ದ್ರಾವಕದಲ್ಲಿ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ಗಂಟೆಗಟ್ಟಲೆ ದುಡಿಯಿತು. ಕಿಣ್ವ ಅಲ್ಲಿ ಕರಗದೆ ಪುಡಿಯಾಗಿಯೇ ಉಳಿಯುತ್ತದೆ. ಮೈಗಂಟಿದ ನೀರಿನ ಪಸೆಯೇ ಅದಕ್ಕೆ ಸಾಕು. ನೀರಿದ್ದಲ್ಲಿ ಒಡೆಯುವ ಲೈಪೇಸ್, ನೀರಿಲ್ಲದ ಕಡೆ ಜೋಡಿಸುತ್ತದೆ!

ಇದನ್ನು ಕಾರ್ಖಾನೆಗೆ ತಂದವರಲ್ಲಿ ರೈನ್ ದಡದ ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್‌ಎಫ್ ಪ್ರಮುಖ. ಔಷಧ, ಕಳೆನಾಶಕಗಳಿಗೆ ಬೇಕಾದ ಅಮೀನ್ ಎಂಬ ರಾಸಾಯನಿಕಗಳು ಎಷ್ಟೋ ಸಲ ಎಡಗೈ, ಬಲಗೈಯಂತೆ ಎರಡು ರೂಪದಲ್ಲಿ ಬೆರೆತು ತಯಾರಾಗುತ್ತವೆ. ಕನ್ನಡಿಯ ಬಿಂಬದಷ್ಟೇ ವ್ಯತ್ಯಾಸ, ಗುಣ ಮಾತ್ರ ಬೇರೆ. ಪುದೀನದ ಪರಿಮಳಕ್ಕೂ ಇಲ್ಲಿನ ಬ್ರೆಡ್ಡಿಗೆ ಹಾಕುವ ಕ್ಯೂಮೆಲ್ ಎಂಬ ಜೀರಿಗೆಯಂಥ ಕಾಳಿನ ವಾಸನೆಗೂ ಕಾರಣ ಕಾರ್ವೋನ್ ಎಂಬ ಒಂದೇ ವಸ್ತು. ಒಂದು ಎಡ, ಇನ್ನೊಂದು ಬಲ!

ಇಂಥ ಮಿಶ್ರಣದಲ್ಲಿ ಲೈಪೇಸ್ ಒಂದು ರೂಪವನ್ನಷ್ಟೇ ಹಿಡಿದು ಬೇರೆ ಅಣುವಿಗೆ ಜೋಡಿಸುತ್ತದೆ. ಇನ್ನೊಂದು ಹಾಗೆಯೇ ಉಳಿಯುತ್ತದೆ. ಆಮೇಲೆ ಬೇರ್ಪಡಿಸುವುದು ಸುಲಭ. ಬಿಎಎಸ್‌ಎಫ್ ಬಳಸಿದ ಲೈಪೇಸ್ ಸಿಕ್ಕಿದ್ದು ಭತ್ತದ ಸಸಿಗೆ ರೋಗ ತರುವ ಬ್ಯಾಕ್ಟೀರಿಯಾದಿಂದ. ಮೆಕ್ಕೆಜೋಳದ ಕಳೆಗೆ ಹೊಡೆಯುವ ಡೈಮೆಥೆನಮಿಡ್-ಪಿ ತಯಾರಿಕೆಗೆ ಬೇಕಾದ ಅಮೀನ್ ಹೀಗೆ ಬರುತ್ತದೆ. ಕೆಲಸಕ್ಕೆ ಬಾರದ ರೂಪ ಅದರಲ್ಲಿಲ್ಲ, ಹಾಗಾಗಿ ಹೊಲಕ್ಕೆ ಕಡಿಮೆ ಪ್ರಮಾಣ ಸಾಕು.

ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಎರಡೂ ಬೆರೆತ ಸರಕಿನಲ್ಲಿ ಅರ್ಧ ಡೆಡ್ ಸ್ಟಾಕ್. ಬೇಡವಾದ ಅರ್ಧವನ್ನೂ ಮತ್ತೆ ಮಿಶ್ರಣವಾಗಿ ಬದಲಿಸಿ ಕಿಣ್ವದ ಮುಂದಿಡಬಹುದು. ಆಗ ನಷ್ಟವೂ ಕಮ್ಮಿ, ಕಸವೂ ಕಮ್ಮಿ.

ಹೆದರಿಕೆಯ ಮಾತಿಗೂ ಉತ್ತರ ಕೊಡಬೇಕಿತ್ತು. ‘ದ್ರಾವಕಕ್ಕೆ ಬೆಂಕಿ ಬೇಗ ಹತ್ತುತ್ತದೆ, ಎಚ್ಚರ ಬೇಕೇ ಬೇಕು. ಆದರೆ ಕಿಣ್ವಕ್ಕೆ ಕುಲುಮೆಯ ಶಾಖವಾಗಲಿ, ಭಾರಿ ಒತ್ತಡವಾಗಲಿ ಬೇಡ’ ಎಂದೆ.

ಮೆಕ್ಕೆಜೋಳ ಬೆಳೆಯುವ ಆ ಹಿರಿಯರು ನಕ್ಕರು. ‘ಹೊಲಕ್ಕ ಹೊಡಿಯೋ ಎಣ್ಣ್ಯಾಗ ಅರ್ಧ ದಂಡ ಆಗಬಾರದು ಅನ್ನೋ ಕೆಲಸ ಅನ್ರಿ! ಇದನ್ನ ಅವರವ್ವಗ ನಾನ ಹೇಳ್ತೀನಿ.’