ಹಳೆಯ ಮಿಕ್ಸಿ: ದುರಸ್ತಿಯೋ, ಹೊಸದೋ?

ಯುಗಾದಿಯ ದಿನ ಬೆಳಿಗ್ಗೆ. ಹೋಳಿಗೆಗೆ ಬೇಳೆ ಬೆಂದಿದೆ, ಬೆಲ್ಲ ಕೂಡಿದೆ. ಹೂರಣ ರುಬ್ಬಲು ಹಾಕಿದ ಮಿಕ್ಸಿ ನಾಲ್ಕು ಸುತ್ತು ತಿರುಗಿ, ಗುಂಯ್ ಎಂದು ನರಳಿ ನಿಂತುಬಿಡುತ್ತದೆ. ಸುಟ್ಟ ವಾಸನೆ ಬಂತೆಂದು ಸೊಸೆ ಹೇಳುತ್ತಾಳೆ. ಹತ್ತು ವರ್ಷ ದುಡಿದದ್ದು ಸಾಕು, ಹೊಸದು ತರೋಣ ಎಂದು ಮಗ. ಪೇಟೆಗೆ ಒಯ್ದರೆ ಸರಿಯಾಗುತ್ತದೆ, ದುಡ್ಡು ದಂಡ ಮಾಡಬೇಡಿ ಎಂದು ಅತ್ತೆ. ಮುಂಗಾರಿನ ಬೀಜ-ಗೊಬ್ಬರಕ್ಕೆ ಹಣ ಹೊಂದಿಸುತ್ತಿರುವ ಯಜಮಾನರಿಗೆ ಇಬ್ಬರ ಮಾತೂ ಸರಿಯೆನಿಸುತ್ತದೆ.

ಇಂಥ ಸಂದರ್ಭದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಸವೆದ ಒಂದು ಸಣ್ಣ ಭಾಗ ಬದಲಾಯಿಸಿದರೆ ಸಾಕಿದ್ದಾಗ ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ತರುವುದು ಒಂದು. ಒಳಗೆ ಸುಟ್ಟುಹೋದ ಮೋಟಾರಿಗೆ ಮತ್ತೆ ಮತ್ತೆ ಹಣ ಸುರಿಯುವುದು ಇನ್ನೊಂದು. ಮಿಕ್ಸಿಯ ವಯಸ್ಸು ನೋಡಿ ತೀರ್ಮಾನ ಮಾಡುವುದರಿಂದಲೇ ಈ ಎರಡೂ ತಪ್ಪು ಆಗುತ್ತವೆ. ನೋಡಬೇಕಾದದ್ದು ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ ಎಂಬುದನ್ನು.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಒರಳುಕಲ್ಲು ಸವೆದು ನುಣುಪಾದರೆ ಕಲ್ಲು ಕುಟ್ಟುವವರನ್ನು ಕರೆಸಿ ಉಳಿಯಿಂದ ಕಚ್ಚು ಹಾಕಿಸಿದರೆ ಆಯಿತು. ಮಿಕ್ಸಿಯ ಮಾತು ಹಾಗಲ್ಲ. ವಿಶೇಷವೆಂದರೆ, ನಮ್ಮ ದೇಶದ ಹೆಸರಾಂತ ಮಿಕ್ಸಿಯೊಂದು ಹುಟ್ಟಿದ್ದೇ ದುರಸ್ತಿಯ ತೊಂದರೆಯಿಂದ. ಮುಂಬಯಿಯಲ್ಲಿ ಎಂಜಿನಿಯರಾಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ವಿದೇಶಿ ಮಿಕ್ಸರ್ ಇತ್ತು. ಅದರ ಮೋಟಾರು ಸುಟ್ಟಾಗ ಇಲ್ಲಿ ಸರಿಪಡಿಸುವ ವ್ಯವಸ್ಥೆ ಇರಲಿಲ್ಲ. ನಮ್ಮ ಮಸಾಲೆ, ನೆನೆಸಿದ ಬೇಳೆ ರುಬ್ಬಬಲ್ಲ ಗಟ್ಟಿ ಮೋಟಾರನ್ನು ಅವರೇ ರೂಪಿಸಿದರು. 1963ರಲ್ಲಿ ಆರಂಭವಾದ ಆ ಉದ್ಯಮದಿಂದ ಬಂದದ್ದೇ 'ಸುಮೀತ್' ಮಿಕ್ಸಿ. ನಮ್ಮ ಅಡಿಗೆಯ ಭಾರ ಸಣ್ಣದಲ್ಲ ಎಂಬ ಪಾಠ ಇದರಲ್ಲಿದೆ.

ಒಳಗೆ ಏನೇನಿದೆ?

ತೋಟದ ಪಂಪ್‌ಸೆಟ್ಟಿನ ಮೋಟಾರು ಸಾಮಾನ್ಯವಾಗಿ ನಿಮಿಷಕ್ಕೆ 2,900 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಮಿಕ್ಸಿಯ ಮೋಟಾರು ಹೊರೆಯಿಲ್ಲದೆ ಓಡಿದಾಗ ಸುಮಾರು 18,000 ಸುತ್ತು ತಿರುಗುತ್ತದೆ. ಇಷ್ಟು ವೇಗದಲ್ಲಿ ಸವೆಯುವ ಭಾಗಗಳು ಸವೆದೇ ಸವೆಯುತ್ತವೆ. ಅವನ್ನು ಬದಲಾಯಿಸಬಹುದೆಂಬ ಲೆಕ್ಕದಲ್ಲಿಯೇ ಮಿಕ್ಸಿಯನ್ನು ಮಾಡಿರುತ್ತಾರೆ.

ಮೋಟಾರಿನ ತಿರುಗುವ ಭಾಗಕ್ಕೆ ಆರ್ಮೇಚರ್ ಎಂದು ಹೆಸರು. ಅದರ ತುದಿಯಲ್ಲಿರುವ ತಾಮ್ರದ ಪಟ್ಟಿಗಳ ಬಳೆಗೆ ಎರಡು ಕಡೆಯಿಂದ ಕಾರ್ಬನ್ ಬ್ರಷ್‌ಗಳು ಒತ್ತಿಕೊಂಡು ಕರೆಂಟು ಕೊಡುತ್ತವೆ. ಮೋಟಾರಿನ ಬಲವನ್ನು ಜಾರಿಗೆ ದಾಟಿಸುವುದು ಮೇಲಿನ ಕಪ್ಲರ್. ಜಾರಿನ ತಳದಲ್ಲಿ ಬ್ಲೇಡಿನ ಕಡ್ಡಿಯನ್ನು ಹಿಡಿದಿರುವುದು ಬುಷ್. ನೀರು ಸೋರದಂತೆ ತಡೆಯುವುದು ವಾಷರ್. ಬ್ರಷ್, ಕಪ್ಲರ್, ಬುಷ್, ವಾಷರ್, ಬ್ಲೇಡ್: ಇವೆಲ್ಲ ಸವೆಯುವ ಸಾಮಾನು. ಆರ್ಮೇಚರ್ ಮತ್ತು ಅದರ ಸುತ್ತಲಿನ ಕಾಯಿಲ್ ಮಿಕ್ಸಿಯ ಜೀವ.

ಮನೆಯಲ್ಲೇ ಮಾಡುವ ಪರೀಕ್ಷೆ

ಪೇಟೆಗೆ ಒಯ್ಯುವ ಮುಂಚೆ ಐದು ನಿಮಿಷದ ಪರೀಕ್ಷೆ ಮಾಡಿಕೊಳ್ಳಬಹುದು. ಷಾಕ್ ಹೊಡೆದಿದ್ದರೆ, ಹೊಗೆ ಬಂದಿದ್ದರೆ ಅಥವಾ ಒಳಗೆ ನೀರು ಹೋಗಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ಮಿಕ್ಸಿಯ ಕವಚವನ್ನು ಮನೆಯಲ್ಲಿ ಬಿಚ್ಚುವುದೂ ಬೇಡ.

1. ಅದೇ ಪ್ಲಗ್ಗಿಗೆ ಬೇರೊಂದು ಉಪಕರಣ ಹಾಕಿ, ಕರೆಂಟು ಬರುತ್ತಿದೆಯೇ ನೋಡಿ. ಕೆಲವೊಮ್ಮೆ ದೋಷ ಗೋಡೆಯ ಸ್ವಿಚ್ಚಿನಲ್ಲಿರುತ್ತದೆ.

2. ಅನೇಕ ಮಿಕ್ಸಿಗಳ ತಳದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಅದು ಹೊರಚಿಮ್ಮಿ ಕರೆಂಟನ್ನು ಕಡಿಯುತ್ತದೆ. ಪ್ಲಗ್ ಕಿತ್ತು, ಮೋಟಾರು ಪೂರ್ತಿ ತಣ್ಣಗಾದ ಮೇಲೆ ಆ ಗುಂಡಿಯನ್ನು ಒತ್ತಿರಿ. ಎಷ್ಟೋ 'ಕೆಟ್ಟ' ಮಿಕ್ಸಿಗಳು ಇಷ್ಟಕ್ಕೇ ಓಡುತ್ತವೆ.

3. ಪ್ಲಗ್ ಕಿತ್ತು, ಜಾರ್ ತೆಗೆದು, ಮೇಲಿನ ಕಪ್ಲರನ್ನು ಕೈಯಿಂದ ತಿರುಗಿಸಿ. ಅದು ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಅಥವಾ ಅಕ್ಕಪಕ್ಕ ಅಲ್ಲಾಡಿದರೆ ಮೋಟಾರಿನ ಒಳಗಿನ ಬುಷ್ ಹೋಗಿದೆಯೆಂದು ತಿಳಿಯಬಹುದು.

4. ಜಾರನ್ನು ಓರೆ ಮಾಡಿ ಹಿಡಿದು ತಳದ ಕಪ್ಲರನ್ನು ಹೊರಗಿನಿಂದ ತಿರುಗಿಸಿ. ಬ್ಲೇಡ್ ಅಲುಗದಿದ್ದರೆ ಒಣಗಿದ ಹಿಟ್ಟು ಬುಷ್ಷಿನಲ್ಲಿ ಕಚ್ಚಿಕೊಂಡಿರಬಹುದು. ಜಾರಿಗೆ ಬಿಸಿನೀರು ಹಾಕಿಟ್ಟು ಮತ್ತೆ ನೋಡಿ. ಬ್ಲೇಡಿಗೆ ಬೆರಳು ಹಾಕಬಾರದು.

5. ಕೊನೆಯದಾಗಿ ಜಾರ್ ಇಲ್ಲದೆ ಒಂದೆರಡು ಸೆಕೆಂಡು ಮಾತ್ರ ಸ್ವಿಚ್ ಹಾಕಿ ನೋಡಿ. ಜಾರ್ ಕೂರಿಸದೆ ಓಡದ ಮಾದರಿಯಾದರೆ ಖಾಲಿ ಜಾರ್ ಇಡಿ. ಮೋಟಾರು ಚೆನ್ನಾಗಿ ಓಡಿ, ಜಾರ್ ಇಟ್ಟಾಗ ಮಾತ್ರ ನಿಂತರೆ ದೋಷ ಜಾರಿನದು. ಮೋಟಾರೇ ನರಳಿದರೆ ದೋಷ ಕೆಳಗಿನದು.

ಯಾವುದು ದುರಸ್ತಿಗೆ ಯೋಗ್ಯ?

ಮೋಟಾರು ಓಡುತ್ತದೆ, ಬ್ಲೇಡ್ ತಿರುಗುವುದಿಲ್ಲ, ಕಟಕಟ ಸದ್ದು ಬರುತ್ತದೆ ಎಂದರೆ ಕಪ್ಲರ್ ಸವೆದಿದೆ. ಜಾರಿನ ಕೆಳಗೆ ಕಪ್ಪು ನೀರು ಜಿನುಗಿದರೆ ವಾಷರ್ ಮತ್ತು ಬುಷ್ ಹೋಗಿವೆ. ಒಮ್ಮೆ ಓಡಿ ಒಮ್ಮೆ ನಿಲ್ಲುತ್ತದೆ, ಒಳಗೆ ಕಿಡಿ ಕಾಣುತ್ತದೆ ಎಂದರೆ ಕಾರ್ಬನ್ ಬ್ರಷ್ ಸವೆದಿರುವ ಸಂಭವ ಹೆಚ್ಚು. ಬ್ರಷ್‌ಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಾಯಿಸಬೇಕು. ಈ ಎಲ್ಲ ದುರಸ್ತಿಗಳೂ ಹೊಸ ಮಿಕ್ಸಿಯ ಬೆಲೆಯ ಮುಂದೆ ಅಲ್ಪ. ಮಿಕ್ಸಿ ಹದಿನೈದು ವರ್ಷ ಹಳೆಯದಾದರೂ ಇಷ್ಟೇ ದೋಷವಿದ್ದರೆ ಮಾಡಿಸುವುದೇ ಲಾಭ.

ಜಾರಿನ ಸೋರಿಕೆಯನ್ನು ಮಾತ್ರ ಉದಾಸೀನ ಮಾಡಬಾರದು. ಸೋರಿದ ನೀರು ಕಪ್ಲರಿನ ಸಂದಿಯಿಂದ ಮೋಟಾರಿಗೆ ಇಳಿಯುತ್ತದೆ. ಇಂದು ಒಂದು ವಾಷರ್ ಹಾಕಿಸದೆ ಉಳಿಸಿದ ಹಣಕ್ಕೆ ನಾಳೆ ಇಡೀ ಮೋಟಾರು ಬಲಿಯಾದೀತು.

ಮೋಟಾರು ಸುಟ್ಟಾಗ ಲೆಕ್ಕ ಹಾಕಿ

ಹೊಗೆ ಬಂದಿತ್ತು, ಸುಟ್ಟ ವಾಸನೆ ಹೋಗಿಲ್ಲ, ಹೊಸ ಬ್ರಷ್ ಹಾಕಿದರೂ ಬಳೆಯ ಸುತ್ತ ಉರಿಯುವಂತೆ ಕಿಡಿ ಹಾರುತ್ತದೆ ಎಂದರೆ ವೈಂಡಿಂಗ್ ಕೆಟ್ಟಿದೆ. ಇಲ್ಲಿ ಭಾವನೆ ಬಿಟ್ಟು ಲೆಕ್ಕ ಹಾಕಬೇಕು. ರೈತರಿಗೆ ಈ ಲೆಕ್ಕ ಹೊಸದಲ್ಲ. ಹಳೆಯ ಪಂಪಿನ ಮೋಟಾರಿಗೆ ಮೂರನೆಯ ಸಲ ವೈಂಡಿಂಗ್ ಮಾಡಿಸುವಾಗ ಎಲ್ಲರೂ ಹಾಕುವ ಲೆಕ್ಕವೇ ಇದು.

ತಗಲುವ ಖರ್ಚನ್ನು, ಮುಂದೆ ಬಾಳುವ ವರ್ಷಗಳಿಂದ ಭಾಗಿಸಿ. ಉದಾಹರಣೆಗೆ ಹೊಸ ಮಿಕ್ಸಿಯ ಬೆಲೆ 4,000 ರೂಪಾಯಿ, ಅದು 10 ವರ್ಷ ಬಾಳುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ ಬಿದ್ದ ಖರ್ಚು 400 ರೂಪಾಯಿ. ಹಳೆಯದಕ್ಕೆ 200 ರೂಪಾಯಿಯ ಬ್ರಷ್, ಕಪ್ಲರ್ ಹಾಕಿಸಿ ಅದು 2 ವರ್ಷ ಓಡಿದರೆ ವರ್ಷಕ್ಕೆ 100 ರೂಪಾಯಿ ಮಾತ್ರ. ಆದರೆ 1,200 ರೂಪಾಯಿ ಕೊಟ್ಟು ವೈಂಡಿಂಗ್ ಮಾಡಿಸಿ ಅದೂ 2 ವರ್ಷವೇ ಓಡಿದರೆ ವರ್ಷಕ್ಕೆ 600 ರೂಪಾಯಿ. ಹೊಸದರ ಬೆಲೆಯಲ್ಲಿ ಮೂರನೆಯ ಒಂದು ಪಾಲೂ ಆಗದ ದುರಸ್ತಿ ಇಲ್ಲಿ ಹೊಸದಕ್ಕಿಂತ ದುಬಾರಿಯಾಯಿತು! ಅದೇ ವೈಂಡಿಂಗ್ 4 ವರ್ಷ ಓಡುವಂತಿದ್ದರೆ ವರ್ಷಕ್ಕೆ 300 ರೂಪಾಯಿ, ಆಗ ಮಾಡಿಸಬಹುದು. ಇವು ಲೆಕ್ಕದ ದಾರಿ ತೋರಿಸಲು ಕೊಟ್ಟ ಅಂಕಿಗಳು. ನಿಮ್ಮ ಪೇಟೆಯ ದರ ಹಾಕಿ ನೋಡಿಕೊಳ್ಳಿ.

ಲೆಕ್ಕ ಹಾಕುವಾಗ ಜಾರ್‌ಗಳನ್ನೂ ಸೇರಿಸಿ. ಮೋಟಾರು ಸುಟ್ಟಿದೆ, ಜಾರ್‌ಗಳ ಬುಷ್ ಸಡಿಲ, ಬ್ಲೇಡ್ ಮೊಂಡು, ಆ ಮಾದರಿಯ ಬಿಡಿಭಾಗ ಸಿಗುತ್ತಿಲ್ಲ ಎಂದಾದರೆ ಹಳೆಯದಕ್ಕೆ ವಿದಾಯ ಹೇಳುವುದೇ ಜಾಣತನ. ಜಾರ್ ಮತ್ತು ಹೊರಗವಚ ಗಟ್ಟಿಯಾಗಿದ್ದು, ಇದೇ ಮೊದಲ ಸಲ ಸುಟ್ಟಿದ್ದರೆ ವೈಂಡಿಂಗ್ ಬಗ್ಗೆ ಯೋಚಿಸಬಹುದು.

ಲೆಕ್ಕಕ್ಕೆ ಒಳಪಡದ ಸಂಗತಿಯೂ ಒಂದಿದೆ. ಮಿಕ್ಸಿ ಮುಟ್ಟಿದಾಗ ಜುಮ್ಮೆಂದರೆ ಅಂದಿನಿಂದಲೇ ಅದರ ಬಳಕೆ ನಿಲ್ಲಬೇಕು. ಒದ್ದೆ ಕೈ, ಒದ್ದೆ ನೆಲ, ಬರಿಗಾಲು. ಅಡಿಗೆಮನೆಯಲ್ಲಿ ಮೂರೂ ಕೂಡಿರುತ್ತವೆ. ಕಾಲಡಿಗೆ ಮಣೆ ಹಾಕಿಕೊಂಡು ರುಬ್ಬುವುದು ಪರಿಹಾರವಲ್ಲ. ವೈರು ಸೀಳಿ ಷಾಕ್ ಬರುತ್ತಿದ್ದರೆ ವೈರು ಬದಲಾಯಿಸಿದರೆ ಸಾಕು. ಒಳಗೆ ವೈಂಡಿಂಗಿನಿಂದಲೇ ಕರೆಂಟು ಸೋರುತ್ತಿದ್ದರೆ ಆ ಮಿಕ್ಸಿಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದೂ ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟನ್ನು ಕಡಿಯುವ ಸ್ವಿಚ್‌ಗಳು ಈಗ ದೊರೆಯುತ್ತವೆ. ಮನೆಯ ಮೀಟರಿನ ಬಳಿ ಒಂದು ಹಾಕಿಸಿದರೆ ಇಡೀ ಮನೆಗೆ ರಕ್ಷಣೆ.

ಏಕೆ ಸುಟ್ಟಿತು?

ಬಹಳ ಮಂದಿ ಈ ಪ್ರಶ್ನೆ ಕೇಳುವುದೇ ಇಲ್ಲ. ಕಾರಣ ತಿಳಿಯದೆ ಹೊಸದು ತಂದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಹಳ್ಳಿಗಳಲ್ಲಿ ಮೊದಲ ಕಾರಣ ವೋಲ್ಟೇಜ್. ಮಿಕ್ಸಿಯನ್ನು 230 ವೋಲ್ಟಿಗೆ ಮಾಡಿರುತ್ತಾರೆ. ಒಂದೇ ಟ್ರಾನ್ಸ್‌ಫಾರ್ಮರಿನಿಂದ ಪಂಪ್‌ಸೆಟ್ಟುಗಳೂ ಮನೆಗಳೂ ಕರೆಂಟು ಪಡೆಯುವ ಕಡೆ, ಪಂಪುಗಳು ಓಡುವಾಗ ದೀಪ ಮಂಕಾಗುವುದನ್ನು ನೋಡಿದ್ದೀರಿ. ಆಗ ಮಿಕ್ಸಿಯ ಬಲ ಕುಂದುತ್ತದೆ. ಗಟ್ಟಿ ಹಿಟ್ಟಿನಲ್ಲಿ ಬ್ಲೇಡ್ ಸಿಕ್ಕಿಕೊಂಡು ಮೋಟಾರು ತಿರುಗದೆ ನಿಂತರೆ ಅದು ಎಳೆಯುವ ಕರೆಂಟು ಏರುತ್ತದೆ. ಒಳಗಿನ ಫ್ಯಾನೂ ನಿಂತಿರುವುದರಿಂದ ತಂಪು ಗಾಳಿಯಿಲ್ಲ. ಕೆಲವೇ ಕ್ಷಣದಲ್ಲಿ ವೈಂಡಿಂಗ್ ಬೇಯುತ್ತದೆ. ದೀಪ ಮಂಕಾಗಿರುವಾಗ ರುಬ್ಬುವುದು ಬೇಡ.

ಎರಡನೆಯ ಕಾರಣ ಹೊರೆ. ಜಾರನ್ನು ತುಂಬಿಸಿ, ನೀರು ಕಡಿಮೆ ಹಾಕಿ ಉದ್ದಿನಬೇಳೆ ರುಬ್ಬುವುದು, ಅರಿಸಿನದ ಕೊಂಬನ್ನು ಜಜ್ಜದೆ ಹಾಕುವುದು ಮೋಟಾರಿಗೆ ಕಂಟಕ. ಅರ್ಧ ಜಾರ್ ಹಾಕಿ ಎರಡು ಸಲ ರುಬ್ಬಿ.

ಮೂರನೆಯದು ವಿಶ್ರಾಂತಿ ಇಲ್ಲದಿರುವುದು. ಮಿಕ್ಸಿಯ ತಳದ ಪಟ್ಟಿಯನ್ನು ಓದಿ ನೋಡಿ. ಎಷ್ಟು ವ್ಯಾಟ್, ಎಷ್ಟು ಹೊತ್ತು ಓಡಿಸಬಹುದು ಎಂದು ಅಲ್ಲಿ ಬರೆದಿರುತ್ತದೆ. 5 ನಿಮಿಷ ಓಡಿಸಿ 2 ನಿಮಿಷ ನಿಲ್ಲಿಸಬೇಕು, ಒಟ್ಟು 30 ನಿಮಿಷ ಮೀರಬಾರದು ಎಂಬುದು ಸಾಮಾನ್ಯ ಸೂಚನೆ. ಮದುವೆ ಮನೆಯ ಮಸಾಲೆಯನ್ನು ಒಂದೇ ಮಿಕ್ಸಿಯಲ್ಲಿ ಬಿಡುವಿಲ್ಲದೆ ಅರೆದರೆ ಯಾವ ಮೋಟಾರೂ ತಾಳದು. ಹೊಲದಲ್ಲಿ ಎತ್ತುಗಳಿಗೂ ಸಾಲು ಮುಗಿದಾಗ ಉಸಿರು ಬಿಡಿಸುತ್ತೇವಲ್ಲವೇ?

ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ದಿನವೂ ರುಬ್ಬುವ ಹೆಣ್ಣುಮಕ್ಕಳಿಗೆ. ಸದ್ದು ಎಂದಿನಿಂದ ಬದಲಾಯಿತು, ವಾಸನೆ ಯಾವಾಗ ಬಂತು ಎಂದು ಅವರನ್ನು ಕೇಳಿಯೇ ಅಂಗಡಿಗೆ ಹೊರಡಿ. ಅವರನ್ನೇ ಕರೆದೊಯ್ದರೆ ಇನ್ನೂ ಒಳ್ಳೆಯದು.

ದುರಸ್ತಿ ಅಂಗಡಿಯಲ್ಲಿ

ಮೊದಲು ಗ್ಯಾರಂಟಿ ಕಾರ್ಡ್ ಹುಡುಕಿ. ಕೆಲವು ಕಂಪನಿಗಳು ಮೋಟಾರಿಗೆ ಹೆಚ್ಚು ವರ್ಷದ ಭರವಸೆ ಕೊಟ್ಟಿರುತ್ತವೆ. ಅವಧಿ ಮುಗಿದಿದ್ದರೆ ಬಿಚ್ಚುವ ಮುಂಚೆಯೇ ಖರ್ಚು ಕೇಳಿ. ಯಾವ ಭಾಗ ಹೋಗಿದೆ ಎಂದು ತೋರಿಸಲು ಹೇಳಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ವೈಂಡಿಂಗ್ ಮಾಡಿಸುವುದಾದರೆ ತಾಮ್ರದ ತಂತಿಯೋ ಅಲ್ಯುಮಿನಿಯಮ್ಮೋ ಎಂದು ವಿಚಾರಿಸಿ. ಎಷ್ಟು ತಿಂಗಳ ಗ್ಯಾರಂಟಿ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.

ರಸೀದಿ ಇದ್ದರೆ ನ್ಯಾಯ ಕೇಳಲು ದಾರಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿದೆ. ಹಣ ಪಡೆದು ಸರಿಯಾಗಿ ಕೆಲಸ ಮಾಡದವರ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಅದಕ್ಕೂ ಮುನ್ನ 1915 ಸಂಖ್ಯೆಗೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನೆರವು ಕೇಳಬಹುದು. ಬಿಡಿಭಾಗ, ದುರಸ್ತಿಯ ಮಾಹಿತಿ ಜನರಿಗೆ ದೊರೆಯಲೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ 'ದುರಸ್ತಿಯ ಹಕ್ಕು' ಎಂಬ ಜಾಲತಾಣವನ್ನೂ ತೆರೆದಿದೆ. ಮನೆ ಬಳಕೆಯ ಉಪಕರಣಗಳ ಜೊತೆ ಕೃಷಿ ಯಂತ್ರಗಳೂ ಅದರಲ್ಲಿ ಸೇರಿವೆ.

ಹೊಸದು ಕೊಳ್ಳುವುದಾದರೆ

ಹೊಳೆಯುವ ಬಣ್ಣಕ್ಕೆ, ಜಾರ್‌ಗಳ ಸಂಖ್ಯೆಗೆ ಮರುಳಾಗಬೇಡಿ. ಐ.ಎಸ್.ಐ. ಗುರುತು, ಅದರೊಡನೆ ಮಿಕ್ಸಿಗೆ ಸಂಬಂಧಿಸಿದ ಐ.ಎಸ್. 4250 ಎಂಬ ಸಂಖ್ಯೆ ಇದೆಯೇ ನೋಡಿ. ಭಾರ ಹೆಚ್ಚಾದಾಗ ಕರೆಂಟು ಕಡಿಯುವ ಗುಂಡಿ ಇರಲಿ. ಅದರ ಕಪ್ಲರ್, ಬುಷ್, ಬ್ರಷ್ ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತವೆಯೇ ಎಂದು ದುರಸ್ತಿ ಅಂಗಡಿಯಲ್ಲಿ ವಿಚಾರಿಸಿ, ಆಮೇಲೆ ಮಾರಾಟದ ಅಂಗಡಿಗೆ ಹೋಗಿ. ಬಿಡಿಭಾಗ ಸಿಗದ ಮಿಕ್ಸಿ ಅಗ್ಗಕ್ಕೆ ಬಂದರೂ ದುಬಾರಿಯೇ. ದೊಡ್ಡ ಕುಟುಂಬದಲ್ಲಿ ದಿನವೂ ದೋಸೆ-ಇಡ್ಲಿಗೆ ರುಬ್ಬುವುದಿದ್ದರೆ ಆ ಕೆಲಸವನ್ನು ಗ್ರೈಂಡರಿಗೆ ಬಿಟ್ಟು, ಮಿಕ್ಸಿಯನ್ನು ಚಟ್ನಿ-ಮಸಾಲೆಗೆ ಇಟ್ಟುಕೊಳ್ಳುವುದು ಲೇಸು.

ಹಳೆಯದನ್ನು ತಿಪ್ಪೆಗೆ ಎಸೆಯಬೇಡಿ. ತಾಮ್ರಕ್ಕಾಗಿ ವೈರು ಸುಡುವುದೂ ಬೇಡ, ಆ ಹೊಗೆ ವಿಷ. ಗಟ್ಟಿಯಿರುವ ಭಾಗಗಳನ್ನು ದುರಸ್ತಿ ಅಂಗಡಿಯವರು ಕೊಳ್ಳಬಹುದು. ಹೊಸದನ್ನು ಮಾರುವ ಅಂಗಡಿಯಲ್ಲಿ ವಿನಿಮಯಕ್ಕೂ ಕೇಳಿ ನೋಡಬಹುದು.

ಮಗನ ಮಾತು ಸರಿಯೋ ಅತ್ತೆಯ ಮಾತು ಸರಿಯೋ ಎಂಬುದನ್ನು ಮಿಕ್ಸಿಯ ವಯಸ್ಸು ಹೇಳುವುದಿಲ್ಲ, ಅದರ ತಳದ ಗುಂಡಿ ಮತ್ತು ಮೇಲಿನ ಕಪ್ಲರ್ ಹೇಳುತ್ತವೆ. ಐದು ನಿಮಿಷ ಪರೀಕ್ಷಿಸಿ, ಹತ್ತು ನಿಮಿಷ ಲೆಕ್ಕ ಹಾಕಿ. ಉಳಿದ ಹಣ ಒಂದು ಮೂಟೆ ಗೊಬ್ಬರಕ್ಕಾದರೂ ಒದಗೀತು.