ಮಷೀನ್ ತಂದ್ರೆ ಸಾಲದು, ಮಂದಿಯೂ ಜೊತೆಗೆ ಬರಬೇಕು

ನೋಡಿ, ಸಣ್ಣ ಉದ್ಯಮದ ಲೆಕ್ಕದ ಪುಸ್ತಕದಲ್ಲಿ ಎಲ್ಲದಕ್ಕೂ ಒಂದೊಂದು ಕಾಲಂ ಇರುತ್ತೆ. ಬಾಡಿಗೆಗೆ ಇದೆ, ಕರೆಂಟ್ ಬಿಲ್ಲಿಗೆ ಇದೆ, ಸಂಬಳಕ್ಕೆ ಇದೆ, ಮಷೀನಿನ ಕಂತಿಗೂ ಇದೆ. ಇಲ್ಲದೇ ಇರೋದು ಒಂದೇ. ಹೊಸ ಮಷೀನೋ, ಹೊಸ ಸಾಫ್ಟ್‌ವೇರೋ ಬಂದಾಗ ಅದಕ್ಕೆ ನಮ್ಮ ಜನ ಹೊಂದಿಕೊಳ್ಳೋದಕ್ಕೆ ಬೇಕಾದ ಸಮಯ ಮತ್ತು ದುಡ್ಡು.

ಎಂಬಿಎ ಓದಿದವರು ಇದಕ್ಕೆ 'ಚೇಂಜ್ ಮ್ಯಾನೇಜ್‌ಮೆಂಟ್' ಅಂತಾರೆ. ಆ ಹೆಸರು ಹೇಳಿದರೆ ಪೀಣ್ಯದ ಸಣ್ಣ ಮಾಲೀಕರು ನಗ್ತಾರೆ. "ಅದೆಲ್ಲ ದೊಡ್ಡ ಕಂಪನಿಗಳಿಗೆ ಸಾರ್. ಹತ್ತು ಜನ ಇಟ್ಕೊಂಡಿರೋ ನಮಗ್ಯಾಕೆ?" ಈ ಮಾತನ್ನ ನಾನು ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಆದರೆ ನಾನು ಹೇಳೋದು ಉಲ್ಟಾ. ದೊಡ್ಡ ಕಂಪನಿ ಒಂದು ಬದಲಾವಣೆಯಲ್ಲಿ ಎಡವಿದರೆ ಆ ವರ್ಷದ ಲಾಭ ಕಡಿಮೆ ಆಗುತ್ತೆ. ಸಣ್ಣವನು ಎಡವಿದರೆ ಅಡ ಇಟ್ಟ ಮನೆ ಹೋಗುತ್ತೆ.

ಒಂದು ಲೆಕ್ಕ ಹಾಕೋಣ. 20 ಲಕ್ಷ ಸಾಲ ಮಾಡಿ ಮಷೀನ್ ತಂದಿದ್ದೀರಿ ಅಂದ್ಕೊಳ್ಳಿ. ಶೇ. 11ರ ಬಡ್ಡಿ, ಐದು ವರ್ಷ. ತಿಂಗಳ ಕಂತು ಸುಮಾರು 43,500 ರೂಪಾಯಿ. ಕೆಲಸಗಾರರಿಗೆ ಅದು ಸರಿಯಾಗಿ ಕೈಗೆ ಹತ್ತಲಿಲ್ಲ, ಆರು ತಿಂಗಳು ಅರ್ಧದಷ್ಟೇ ಓಡಿತು. ಆ ಆರು ತಿಂಗಳ ಕಂತಿನಲ್ಲೇ 1 ಲಕ್ಷ 30 ಸಾವಿರ ನೀರು ಪಾಲು. ಕೆಟ್ಟ ಮಾಲು, ತಪ್ಪಿದ ಆರ್ಡರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈಗ ಇನ್ನೊಂದು ದಾರಿ. ನಾಲ್ಕು ಜನರಿಗೆ, ಹನ್ನೆರಡು ದಿನ, ದಿನಕ್ಕೆ ಎರಡು ಗಂಟೆ ಕೆಲಸ ಬಿಡಿಸಿ ಕಲಿಸಿ. 700 ರೂಪಾಯಿ ದಿನಗೂಲಿ ಅಂದರೆ ಆ ಗಂಟೆಗಳ ಕೂಲಿ 8,400. ಕಲಿಸುವವನಿಗೆ 15 ಸಾವಿರ ಕೊಡಿ. ನಿಂತ ಉತ್ಪಾದನೆಗೆ ಇನ್ನೊಂದು 20 ಸಾವಿರ ಇಟ್ಟುಕೊಳ್ಳಿ. ಎಲ್ಲ ಸೇರಿ 45 ಸಾವಿರ ದಾಟಲ್ಲ. ಯಾವುದು ದುಬಾರಿ, ನೀವೇ ಹೇಳಿ.

ಇದು ನನ್ನ ಕಾಗದದ ಲೆಕ್ಕ ಅಂತ ತಳ್ಳಿಹಾಕಬೇಡಿ. ನಮ್ಮ ದೇಶದಲ್ಲೇ ಇದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ. ಮುಂಬೈ ಹತ್ತಿರದ ತಾರಾಪುರ ಮತ್ತು ಉಂಬರಗಾಂವ್‌ನ ಬಟ್ಟೆ ನೇಯುವ ಕಾರ್ಖಾನೆಗಳಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್, ವಿಶ್ವಬ್ಯಾಂಕಿನ ಡೇವಿಡ್ ಮೆಕೆಂಜಿ ಮತ್ತು ಸಂಗಡಿಗರು 17 ಕಂಪನಿಗಳನ್ನು ಆರಿಸಿಕೊಂಡರು. ಸರಾಸರಿ 270 ಜನ ಕೆಲಸ ಮಾಡುವ, ಕುಟುಂಬದವರೇ ನಡೆಸುವ ಕಂಪನಿಗಳು. ನಮ್ಮ ಹತ್ತು ಜನರ ಶೆಡ್ಡಿಗಿಂತ ದೊಡ್ಡವು ನಿಜ. ಆದರೆ ಒಳಗಿನ ಚಿತ್ರ ನಮಗೆ ಹೊಸದೇನಲ್ಲ. ಚೀಟಿ ಇಲ್ಲದೆ ರಾಶಿ ಬಿದ್ದ ನೂಲು, ಕೆಟ್ಟುನಿಂತಾಗ ಮಾತ್ರ ರಿಪೇರಿ ಕಾಣುವ ಮಗ್ಗ, ಬರೆದಿಟ್ಟರೂ ಯಾರೂ ತಿರುಗಿ ನೋಡದ ಪುಸ್ತಕ.

ಎಲ್ಲ ಕಂಪನಿಗಳಿಗೂ ಒಂದು ತಿಂಗಳು ಸಲಹೆಗಾರರು ಹೋಗಿ ಎಲ್ಲಿ ಏನು ತಪ್ಪಿದೆ ಅಂತ ಹೇಳಿದರು. 6 ಕಂಪನಿಗಳಲ್ಲಿ ಅಷ್ಟಕ್ಕೇ ನಿಲ್ಲಿಸಿದರು. ಉಳಿದ 11ರಲ್ಲಿ ಮತ್ತೆ ನಾಲ್ಕು ತಿಂಗಳು ಜೊತೆಗೇ ನಿಂತರು. ನೂಲಿಗೆ ಚೀಟಿ ಅಂಟಿಸಿದರು, ಮಗ್ಗಕ್ಕೆ ರಿಪೇರಿ ದಿನ ಗೊತ್ತು ಮಾಡಿದರು, ದಿನಾ ಸಭೆ ಕೂರಿಸಿ ನಿನ್ನೆಯ ಬಟ್ಟೆಯಲ್ಲಿ ದೋಷ ಯಾಕೆ ಬಂತು ಅಂತ ಕೇಳುವುದನ್ನು ರೂಢಿ ಮಾಡಿಸಿದರು.

ಫಲ ಏನಾಯ್ತು? 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಜೊತೆಗೆ ನಿಂತ ಕಾರ್ಖಾನೆಗಳಲ್ಲಿ ಮೊದಲ ವರ್ಷವೇ ಉತ್ಪಾದಕತೆ ಶೇ. 17ರಷ್ಟು ಏರಿತು. ಲಾಭದ ಏರಿಕೆ ವರ್ಷಕ್ಕೆ ಕಂಪನಿಯೊಂದಕ್ಕೆ 3 ಲಕ್ಷ ಡಾಲರ್‌ಗೂ ಹೆಚ್ಚು ಅಂತ ಅಂದಾಜು ಮಾಡಿದರು. ಅಷ್ಟೇ ಸಲಹೆಯನ್ನು ಹೊರಗೆ ದುಡ್ಡು ಕೊಟ್ಟು ಪಡೆದಿದ್ದರೆ ಸುಮಾರು ಎರಡೂವರೆ ಲಕ್ಷ ಡಾಲರ್ ಬೀಳ್ತಿತ್ತು. ಅಂದರೆ ಹಾಕಿದ ಬಂಡವಾಳ ಒಂದೇ ವರ್ಷದಲ್ಲಿ ವಾಪಸ್!

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ತಪ್ಪು ಏನು ಅನ್ನೋದು ಎಲ್ಲ 17 ಕಂಪನಿಗಳಿಗೂ ಗೊತ್ತಾಗಿತ್ತು. ದೊಡ್ಡ ಫಲ ಕಂಡದ್ದು ನಾಲ್ಕು ತಿಂಗಳು ಪಕ್ಕದಲ್ಲಿ ಯಾರೋ ನಿಂತಿದ್ದ ಕಡೆ. ಹೇಳಿದರೆ ಬದಲಾವಣೆ ಆಗಲ್ಲ ಸ್ವಾಮಿ, ಕೈ ಹಿಡಿದು ಮಾಡಿಸಬೇಕು.

ಯಾಕೆ ಹೀಗೆ? ಇಪ್ಪತ್ತು ವರ್ಷ ಕೈಲೆಕ್ಕದಲ್ಲಿ ಅಂಗಡಿ ನಡೆಸಿದ ಗುಮಾಸ್ತರ ಮುಂದೆ ಒಂದು ದಿನ ಕಂಪ್ಯೂಟರ್ ತಂದಿಟ್ಟರೆ ಅವರಿಗೆ ಕಾಣೋದು ಕಂಪ್ಯೂಟರ್ ಅಲ್ಲ, ತನ್ನ ಕೆಲಸ ಹೋಗುವ ದಿನ. ಆ ಭಯಕ್ಕೆ ಮಾಲೀಕ ಉತ್ತರ ಕೊಡದಿದ್ದರೆ ಅವರು ಹಳೇ ಪುಸ್ತಕವನ್ನೂ ಬರೀತಾರೆ, ಹೊಸದಕ್ಕೂ ಅರ್ಧಂಬರ್ಧ ತುಂಬ್ತಾರೆ. ಎರಡು ಲೆಕ್ಕ, ಎರಡೂ ತಪ್ಪು. ಅದಕ್ಕೇ ಮೊದಲ ಖರ್ಚು ದುಡ್ಡಿನದಲ್ಲ, ಮಾತಿನದು. ಯಾಕೆ ತರ್ತಿದ್ದೀವಿ, ನಿಮ್ಮ ಕೆಲಸಕ್ಕೆ ಏನಾಗುತ್ತೆ, ಕಲಿತವರಿಗೆ ಏನು ಸಿಗುತ್ತೆ. ಈ ಮೂರನ್ನು ಮಷೀನ್ ಬರೋ ಮುಂಚೆಯೇ ಹೇಳಬೇಕು.

ದುಡ್ಡಿನ ಖರ್ಚಿಗೂ ದಾರಿ ಇದೆ. ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2023ರ ಮಾರ್ಚ್‌ನಲ್ಲಿ ಲೀನ್ ಯೋಜನೆಯನ್ನು ಹೊಸ ರೂಪದಲ್ಲಿ ತಂದಿತು. ಉತ್ಪಾದನಾ ಘಟಕಗಳಲ್ಲಿ ಪೋಲು ತಗ್ಗಿಸೋಕೆ ಬರುವ ಸಲಹೆಗಾರರ ವೆಚ್ಚದಲ್ಲಿ ಶೇ. 90ರಷ್ಟನ್ನು ಕೇಂದ್ರವೇ ಭರಿಸುವ ವ್ಯವಸ್ಥೆ ಅದು. ಮಷೀನಿನ ಸಬ್ಸಿಡಿಗೆ ಕಚೇರಿ ಕಚೇರಿ ಅಲೆಯುವ ನಾವು ಇದನ್ನ ಎಷ್ಟು ಜನ ಕೇಳಿದ್ದೀವಿ?

ಕೊನೆಯದಾಗಿ ಒಂದು ಎಚ್ಚರಿಕೆ. ಒಂಬತ್ತು ವರ್ಷದ ನಂತರ ಅದೇ ಸಂಶೋಧಕರು ಅದೇ ನೇಯ್ಗೆ ಕಂಪನಿಗಳಿಗೆ ಮತ್ತೆ ಹೋದರು. ಕಲಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧದಷ್ಟು ಬಿಟ್ಟುಹೋಗಿದ್ದವು. ಆದರೂ ಬೇರೆ ಕಂಪನಿಗಳಿಗಿಂತ ಇವು ಎಷ್ಟೋ ಮುಂದಿದ್ದವು. ಬಿಟ್ಟುಹೋಗಿದ್ದು ಯಾಕೆ? ಹೆಚ್ಚಾಗಿ ಕೇಳಿಬಂದ ಕಾರಣಗಳಲ್ಲಿ ಎರಡು ಇವು. ನಡೆಸುತ್ತಿದ್ದ ಮ್ಯಾನೇಜರ್ ಕೆಲಸ ಬಿಟ್ಟಿದ್ದ. ಮಾಲೀಕನಿಗೆ ಪುರುಸೊತ್ತು ಇರಲಿಲ್ಲ.

ಅರ್ಥ ಆಯ್ತಲ್ಲ? ಬದಲಾವಣೆ ಮಷೀನಿನ ಒಳಗಿರಲ್ಲ, ಅದನ್ನ ಕಲಿತ ಮನುಷ್ಯನ ಒಳಗಿರುತ್ತೆ. ತಿಂಗಳಿಗೆ ಎರಡು ಸಾವಿರ ಹೆಚ್ಚು ಕೇಳಿದ ಅಂತ ಅವನನ್ನ ಕಳಿಸಿಬಿಟ್ಟರೆ, ನೀವು ಹಾಕಿದ ಲಕ್ಷಗಳೂ ಅವನ ಹಿಂದೆಯೇ ಗೇಟು ದಾಟಿ ಹೋಗ್ತವೆ.