ಬಾಣಂತಿಯ ಆಹಾರದಲ್ಲಿ ಬೇರು-ಗೆಡ್ಡೆಗಳು: ಬೆಳೆಗಾರರು ಗಮನಿಸಬೇಕಾದ ಅಂಶಗಳು

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟರೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ತ್ಯಾವರೆಕೊಪ್ಪ ಸಿಗುತ್ತದೆ. ಹುಲಿ-ಸಿಂಹಧಾಮದಿಂದಾಗಿ ಈ ಊರಿನ ಹೆಸರು ಎಲ್ಲರಿಗೂ ಪರಿಚಿತ. ಈ ಸೀಮೆಯ ಕುರುಚಲು ಕಾಡಿನ ಅಂಚಿನಲ್ಲಿ, ಹೊಲದ ಬೇಲಿಗಳಲ್ಲಿ ಮಳೆ ಬಿದ್ದೊಡನೆ ಅನೇಕ ಬಳ್ಳಿಗಳು ಚಿಗುರುತ್ತವೆ. ಅವುಗಳಲ್ಲಿ ಎರಡನ್ನು ರೈತರು ಚೆನ್ನಾಗಿ ಗುರುತಿಸಬೇಕು. ಒಂದು, ಎದೆಹಾಲು ಹೆಚ್ಚಿಸುತ್ತದೆಂದು ಹೆಸರಾದ ಶತಾವರಿ. ಇನ್ನೊಂದು, ಪ್ರಾಣಕ್ಕೇ ಎರವಾಗುವ ಅಗ್ನಿಶಿಖೆ.

ಹೆರಿಗೆಯಾದ ಮನೆಯಲ್ಲಿ ಶುಂಠಿ, ಅರಿಶಿನ, ಹಿಪ್ಪಲಿ ಬೇರು, ಶತಾವರಿ, ಅಶ್ವಗಂಧ ಮುಂತಾದವುಗಳನ್ನು ಸಾರಿನಲ್ಲಿ, ಕಷಾಯದಲ್ಲಿ, ಲೇಹ್ಯದಲ್ಲಿ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಇತ್ತೀಚಿನ ವರ್ಷಗಳಲ್ಲಿ ಕೆಲವು ರೈತರು ಇಂತಹ ಬೇರುಗಳನ್ನು ತೋಟದ ಮೂಲೆಯಲ್ಲಿ ಬೆಳೆದು ನೆರೆಹೊರೆಯವರಿಗೆ ಮಾರುವುದೂ ಉಂಟು. ಬೇರು ಹೋಗುವುದು ತಾಯಿಯ ಹೊಟ್ಟೆಗೆ. ಆದರೆ ಅದರ ಕೆಲವು ಅಂಶಗಳು ಹಾಲಿನ ಮೂಲಕ ಎರಡು-ಮೂರು ಕಿಲೋ ತೂಕದ ಮಗುವನ್ನೂ ಸೇರಬಲ್ಲವು. ಆದುದರಿಂದ ಬೆಳೆಯುವವರಿಗೂ ಕೊಡುವವರಿಗೂ ಹೊಣೆಯಿದೆ.

ಶತಾವರಿ

ಆಷಾಢಿ ಬೇರು, ಹಲವು ಮಕ್ಕಳ ತಾಯಿ ಬೇರು ಎಂದು ಕರೆಯುವ ಈ ಬಳ್ಳಿಯ ಕಾಂಡದಲ್ಲಿ ಮುಳ್ಳುಗಳಿರುತ್ತವೆ. ಎಲೆಯಂತೆ ಕಾಣುವ ಭಾಗಗಳು ಸೂಜಿಯಂತೆ ಸಣ್ಣಗಿರುತ್ತವೆ. ಹೂವು ಬಿಳಿ, ಹಣ್ಣು ಮಾಗಿದಾಗ ಕೆಂಪು. ಬುಡದಲ್ಲಿ ಎರಡೂ ತುದಿ ಸಪೂರವಾದ, ರಸಭರಿತ ಬೇರುಗಳು ಗೊಂಚಲಾಗಿರುತ್ತವೆ. ಇದರಲ್ಲಿ ಶತಾವರಿನ್ ಎಂಬ ಸ್ಯಾಪೋನಿನ್‌ಗಳಿವೆ.

ಈ ಬೇರಿನಿಂದ ಹಾಲು ಹೆಚ್ಚುವುದೇ? 1996ರಲ್ಲಿ ಪ್ರಕಟವಾದ ಭಾರತದ ಒಂದು ಪರೀಕ್ಷೆಯಲ್ಲಿ ಶತಾವರಿಯನ್ನೊಳಗೊಂಡ ಪುಡಿ ತಿಂದ ತಾಯಂದಿರಿಗೂ ತಿನ್ನದವರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಶತಾವರಿ ಬೇರಿನ ಪುಡಿಯಿಂದ ಹಾಲಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹೆಚ್ಚಿತೆಂದು ವರದಿಯಾಯಿತು. ಎರಡೂ ಸಣ್ಣ ಪರೀಕ್ಷೆಗಳು. ಆದ್ದರಿಂದ ಶತಾವರಿಯನ್ನು ಹಾಲು ಕೊಡುವ ಖಚಿತ ಔಷಧಿ ಎಂದು ಹೇಳಿ ಮಾರುವುದು ಸರಿಯಲ್ಲ. ಶತಾವರಿ ಜಾತಿಯ ಗಿಡಗಳಿಂದ ಅಲರ್ಜಿ ಇರುವವರು ಇದನ್ನು ತಿನ್ನಬಾರದು.

ಅಗ್ನಿಶಿಖೆ

ಗೌರಿ ಹೂ ಎಂದೂ ಕರೆಯುವ ಈ ಬಳ್ಳಿಯ ಎಲೆಯ ತುದಿ ಕುಡಿಯಾಗಿ ಸುರುಳಿ ಸುತ್ತುತ್ತದೆ. ಹೂವು ಹಳದಿ-ಕೆಂಪು ಜ್ವಾಲೆಯಂತಿರುತ್ತದೆ. ಗೆಡ್ಡೆ ನುಣುಪಾಗಿ, ನೇಗಿಲಿನಂತೆ ಬಾಗಿರುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರು ಬಂದದ್ದು ಅದರಿಂದಲೇ. ಇದರಲ್ಲಿರುವ ಕೋಲ್ಚಿಸಿನ್ ಭಾರೀ ವಿಷ. ಬೇಯಿಸಿದ ಮಾತ್ರಕ್ಕೆ ಇದರ ವಿಷ ಹೋಗುತ್ತದೆಂದು ನಂಬಬಾರದು. ಬೇಸಿಗೆಯಲ್ಲಿ ಬಳ್ಳಿ ಒಣಗಿ ಹೋದಾಗ ಗುರುತು ಸಿಗದೆ ಬೇರೆ ಗೆಡ್ಡೆ ಎಂದು ಅಗೆಯುವ ಅಪಾಯವಿದೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ-ಭೇದಿ ಆರಂಭವಾಗುತ್ತದೆ. ನಂತರ ಅಂಗಾಂಗಗಳು ಕೆಡುತ್ತವೆ. ಅಂತಹ ಸಂದರ್ಭದಲ್ಲಿ ಮನೆಮದ್ದಿಗೆ ಸಮಯ ಕಳೆಯದೆ 108 ವಾಹನ ಕರೆಸಿ, ಉಳಿದ ಗೆಡ್ಡೆಯನ್ನೂ ಜೊತೆಗೆ ಒಯ್ಯಬೇಕು.

ಅಶ್ವಗಂಧ ಮತ್ತು ಬಜೆ

ಅಶ್ವಗಂಧವನ್ನು ಶಕ್ತಿವರ್ಧಕವೆಂದು ಬಾಣಂತಿಗೆ ಕೊಡುವ ವಾಡಿಕೆಯಿದೆ. ಇದು ಥೈರಾಯಿಡ್ ಕೆಲಸದ ಮೇಲೆ ಪರಿಣಾಮ ಬೀರಬಲ್ಲದು. ಯಕೃತ್ತಿಗೆ ತೊಂದರೆಯಾದ ವರದಿಗಳೂ ಇವೆ. ಡೆನ್ಮಾರ್ಕ್ ದೇಶ 2023ರಲ್ಲಿ ಇದನ್ನು ನಿಷೇಧಿಸಿತು. ಗರ್ಭಿಣಿಯರು ಇದನ್ನು ದೂರವಿಡಬೇಕು. ಹಾಲೂಡಿಸುವವರು ವೈದ್ಯರನ್ನು ಕೇಳದೆ ತಿನ್ನಬಾರದು.

ಬಜೆಯನ್ನು ತೇದು ಎಳೆಗೂಸಿನ ನಾಲಿಗೆಗೆ ಹಚ್ಚುವುದು ನಮ್ಮ ಅನೇಕ ಮನೆಗಳ ಪದ್ಧತಿ. ತುಮಕೂರು ಜಿಲ್ಲೆಯ ಕೊರಟಗೆರೆ ಭಾಗದಲ್ಲಿ ಇದನ್ನು ಬೆಳೆಯಾಗಿಯೂ ಬೆಳೆಯುತ್ತಾರೆ. ಆದರೆ ನಮ್ಮ ದೇಶದ ಬಜೆಯಲ್ಲಿ ಬೀಟಾ-ಅಸರೋನ್ ಎಂಬ ಅಂಶ ಹೆಚ್ಚು. ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಗೆಡ್ಡೆರೋಗ ಉಂಟುಮಾಡಿದ ಕಾರಣ ಅಮೆರಿಕ ದೇಶ 1968ರಲ್ಲಿ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಮಗುವಿಗೆ ಮೊದಲ ಆರು ತಿಂಗಳು ತಾಯಿಯ ಹಾಲಿನ ಹೊರತು ಬಜೆ, ಜೇನು, ನೀರು ಯಾವುದೂ ಬೇಡ. ಇದು ಹಿರಿಯರ ಮನಸ್ಸಿಗೆ ಕಷ್ಟವೆನಿಸಬಹುದು. ಅಜ್ಜಿಯರು ಪ್ರೀತಿಯಿಂದಲೇ ಹಚ್ಚುತ್ತಾರೆ. ಕಾರಣ ತಿಳಿಸಿ ಹೇಳಿದರೆ ಬಿಡಲು ಒಪ್ಪುತ್ತಾರೆ.

ಶುಂಠಿ, ಅರಿಶಿನ, ಹಿಪ್ಪಲಿ

ಅಡಿಗೆಗೆ ಹಾಕುವಷ್ಟು ಪ್ರಮಾಣದಲ್ಲಿ ಇವುಗಳಿಗೆ ಭಯಪಡಬೇಕಿಲ್ಲ. ದೊಡ್ಡ ಪ್ರಮಾಣದ ಪುಡಿ, ಗುಳಿಗೆಗಳ ಮಾತು ಬೇರೆ. ಅರಿಶಿನದ ಬಣ್ಣ ಗಾಢವಾಗಿ ಕಾಣಲೆಂದು ಸೀಸದ ಕ್ರೋಮೇಟ್ ಬೆರೆಸುವ ದುಷ್ಟತನ ದಕ್ಷಿಣ ಏಷ್ಯಾದ ಕೆಲವೆಡೆ ಪತ್ತೆಯಾಗಿದೆ. ಸೀಸವು ಮಗುವಿನ ಮಿದುಳಿಗೆ ಹಾನಿಕರ. ಆದುದರಿಂದ ಬಾಣಂತಿಗೆ ನಿಮ್ಮದೇ ಹೊಲದ ಅರಿಶಿನವನ್ನು ಬೇಯಿಸಿ ಒಣಗಿಸಿ ಪುಡಿ ಮಾಡಿ ಕೊಡುವುದು ಉತ್ತಮ. ಗೊತ್ತಿಲ್ಲದ ಕಡೆ ಕೊಂಡ ಭಸ್ಮ ಬೆರೆತ ಲೇಹ್ಯಗಳನ್ನು ಕೊಡಬೇಡಿ. ಗಿಡಮೂಲಿಕೆ ಸಾಮಗ್ರಿಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಭಾಗ ಮೀರಬಾರದೆಂಬ ಮಿತಿ ಇದೆ.

ಬೆಳೆಗಾರರಿಗೆ ಸೂಚನೆಗಳು

1. ಕಾಯ್ದಿಟ್ಟ ಅರಣ್ಯದಿಂದ, ವನ್ಯಧಾಮದಿಂದ ಬೇರು ಅಗೆಯುವುದು ಅಪರಾಧ. ನಂಬಿಕೆಯ ಸಸ್ಯಪಾಲನಾ ಕೇಂದ್ರದಿಂದ ಸಸಿ ತಂದು ಬೆಳೆಯಿರಿ.
2. ಶತಾವರಿಗೆ ಏರುಮಡಿ ಮಾಡಿ, ಬಳ್ಳಿಗೆ ಊರುಗೋಲು ಕೊಡಿ. ಸುಮಾರು 18ರಿಂದ 24 ತಿಂಗಳಿಗೆ ಬೇರು ಅಗೆಯಲು ಬರುತ್ತದೆ. ತೊಳೆದು, ಹದವಾಗಿ ಬೇಯಿಸಿ, ಸಿಪ್ಪೆ ಮತ್ತು ಒಳನಾರು ತೆಗೆದು ಒಣಗಿಸಿ.
3. ಶುಂಠಿ ಬೆಳೆದ ಗದ್ದೆಯಲ್ಲಿ ಔಷಧ ಬೆಳೆ ಇಡುವ ಮುನ್ನ ಹಿಂದೆ ಹಾಕಿದ ಕೀಟನಾಶಕಗಳನ್ನು ನೆನಪಿಸಿಕೊಳ್ಳಿ. ಫೋರೇಟ್ 2020ರ ಡಿಸೆಂಬರ್ 31ರಿಂದ ನಿಷೇಧಿತ. ಹಳೆಯ ದಾಸ್ತಾನು ಉಳಿದಿದ್ದರೂ ಬಳಸಬೇಡಿ.
4. ಒಂದೊಂದು ಬೇರನ್ನೂ ಬೇರೆ ಚೀಲದಲ್ಲಿ ಇರಿಸಿ, ಹೆಸರು ಮತ್ತು ಅಗೆದ ದಿನಾಂಕ ಬರೆಯಿರಿ. ಬೂಸ್ಟು ಹಿಡಿದದ್ದನ್ನು ಬಿಸಾಡಿ.
5. ಬೇಲಿಯಲ್ಲಿ ಅಗ್ನಿಶಿಖೆ ಇದ್ದರೆ ಅದರ ಸುತ್ತ ಅಗೆದ ಗೆಡ್ಡೆಯನ್ನು ಅಡಿಗೆಗೆ ತರಬೇಡಿ.

ಹಾಲಿನ ಬಗ್ಗೆ ಕೊನೆಯ ಮಾತು

ಹಾಲು ಉತ್ಪತ್ತಿಯಾಗುವುದು ಮುಖ್ಯವಾಗಿ ಮಗು ಚೀಪುವುದರಿಂದ. ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಿ, ಮೊದಲ ಹಳದಿ ಹಾಲನ್ನು ಚೆಲ್ಲದೆ ಕೊಡಬೇಕು. ಹಗಲು-ರಾತ್ರಿ ಪದೇ ಪದೇ ಕುಡಿಸಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ತಪ್ಪು, ಬಾಯಾರಿದಷ್ಟೂ ಕುಡಿಯಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಮೊದಲ ಆರು ತಿಂಗಳು ಅವಳಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಹೆಚ್ಚು ಆಹಾರ ಬೇಕು. ಅನ್ನ-ರೊಟ್ಟಿಯ ಜೊತೆ ಬೇಳೆ, ಸೊಪ್ಪು, ಹಾಲು, ಮೊಟ್ಟೆ ಇರಲಿ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಬಾರಿಗಿಂತ ಕಡಿಮೆ ಮೂತ್ರ ಮಾಡಿದರೆ, ತೂಕ ಏರದಿದ್ದರೆ, ಬೇರು ಹುಡುಕದೆ ಆಶಾ ಕಾರ್ಯಕರ್ತೆಗೋ ಆಸ್ಪತ್ರೆಗೋ ತಿಳಿಸಿ.

ಬೇರಿನ ಗುಣ ತಿಳಿದು, ಗುರುತು ತಿಳಿದು, ಮಿತಿ ತಿಳಿದು ಬಳಸಿದರೆ ಮನೆಗೆ ಒಳಿತು. ಗುರುತು ತಿಳಿಯದ ಬೇರನ್ನು ಬಾಣಂತಿಯ ಅಡಿಗೆಗೆ ತರದಿರುವುದೇ ಲೇಸು.